ಎದೆಗೆ ಹಚ್ಚಿದ ತಂತಿ: ಹೃದಯದ ಕಾವಲು ಯಾರಿಗೆ ಬೇಕು, ಯಾರಿಗೆ ಬೇಡ?

ಮನೆಯ ಹಿರಿಯರೊಬ್ಬರು ಹಾಸಿಗೆ ಹಿಡಿದರೆಂದರೆ ಇಡೀ ಮನೆತನದ ಜೀವ ಹಾರುತ್ತದೆ. ಮಗ ಹೊಲದ ಕೆಲಸ ಬಿಟ್ಟು ಬರುತ್ತಾನೆ. ಮಗಳು ಗಂಡನ ಮನೆಯಿಂದ ಓಡಿ ಬರುತ್ತಾಳೆ. ಸೊಸೆ ರೊಟ್ಟಿಬುತ್ತಿ ಕಟ್ಟಿಕೊಂಡು ಆಸ್ಪತ್ರೆಯ ಪಡಸಾಲೆಯಲ್ಲಿ ಕೂರುತ್ತಾಳೆ. ವೈದ್ಯರು ಕಂಡೊಡನೆ ನಮ್ಮ ಬಾಯಿಂದ ಬರುವ ಮೊದಲ ಮಾತು ಒಂದೇ: "ಎಷ್ಟರೆ ಖರ್ಚಾಗಲ್ರಿ, ಯಾವುದಕ್ಕೂ ಕಡಿಮಿ ಮಾಡಬ್ಯಾಡ್ರಿ." ಇದು ಪ್ರೀತಿಯಿಂದ ಹುಟ್ಟಿದ ಮಾತು, ಅದನ್ನು ಹಳಿಯುವವರಾರು? ಆದರೆ ಹೆಚ್ಚು ಯಂತ್ರ ಹಚ್ಚಿದಷ್ಟೂ ಹೆಚ್ಚು ಆರೈಕೆ ಆಯಿತೆಂದು ತಿಳಿಯುವುದು ಎಲ್ಲ ಸಂದರ್ಭದಲ್ಲಿಯೂ ನಿಜವಲ್ಲ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ದೊಡ್ಡವ್ವನ ಹಾಸಿಗೆಯ ಬದಿಯಲ್ಲಿ ಕುಳಿತು ಕಲಿತೆ. ಅದನ್ನು ಸಹೃದಯ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನಾಲ್ಕು ರಾತ್ರಿಗಳ ಕಥೆ

ದೊಡ್ಡವ್ವನಿಗೆ ಎಪ್ಪತ್ತಾರು ವರ್ಷ. ಹುನಗುಂದ ತಾಲ್ಲೂಕಿನ ಹಳ್ಳಿಯ ಗಟ್ಟಿ ಜೀವ. ಹಿತ್ತಲಲ್ಲಿ ಜಾಲಿಮುಳ್ಳು ಚುಚ್ಚಿದ್ದನ್ನು ಲಕ್ಷಿಸದೆ ಬಿಟ್ಟಳು. ಮೂರು ದಿನದಲ್ಲಿ ಪಾದ ಕೀವಾಗಿ, ಬಾವು ಮೊಣಕಾಲಿನವರೆಗೆ ಏರಿ, ಚಳಿಜ್ವರ ಬಂದಿತು. ನಮ್ಮ ಸೀಮೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಊರಿನ ಹೆಸರಾಗಲಿ ಆಸ್ಪತ್ರೆಯ ಹೆಸರಾಗಲಿ ಇಲ್ಲಿ ಬೇಡ. ಅಲ್ಲಿ ನಡೆದದ್ದು ಎಲ್ಲಿಯಾದರೂ ನಡೆಯಬಹುದಾದದ್ದು.

ಮೊದಲ ರಾತ್ರಿ ಜ್ವರ ಏರಿತ್ತು, ರಕ್ತದೊತ್ತಡ ಕುಸಿದಿತ್ತು. ವೈದ್ಯರು ಬಾಟಲಿ ಹಚ್ಚಿದರು, ಎದೆಗೆ ಅಂಟುಬಿಲ್ಲೆ ಅಂಟಿಸಿ ತಂತಿ ಜೋಡಿಸಿದರು, ತಲೆಯ ಬದಿಗೆ ಹಸಿರು ಗೆರೆ ಓಡುವ ಮಾನಿಟರ್ ಇಟ್ಟರು. ಅಂದು ಅದು ಯೋಗ್ಯವೇ ಆಗಿತ್ತು. ಮರುದಿನ ಒತ್ತಡ ಸರಿಹೋಯಿತು, ಜ್ವರ ಇಳಿಯಿತು. ಇ.ಸಿ.ಜಿ. ತೆಗೆದು ನೋಡಿದರು, ಹೃದಯದಲ್ಲಿ ದೋಷವಿರಲಿಲ್ಲ. ಆದರೆ ತಂತಿ ಮಾತ್ರ ಹಾಗೆಯೇ ಉಳಿಯಿತು. ಹಚ್ಚಲು ಒಬ್ಬರು ಹೇಳಿದ್ದರು, ತೆಗೆಯಲು ಯಾರೂ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಪಾಡು ಕೇಳಬೇಡಿ. ದೊಡ್ಡವ್ವ ಮಗ್ಗುಲು ತಿರುಗಿದರೆ ಯಂತ್ರ ಕೂಗುತ್ತಿತ್ತು, ಕೆಮ್ಮಿದರೆ ಕೂಗುತ್ತಿತ್ತು, ಬೆವರಿಗೆ ಅಂಟು ಸಡಿಲಾದರೂ ಕೂಗುತ್ತಿತ್ತು. ಅವಳ ಮಗ, ನನ್ನ ಅಣ್ಣ, ಕಣ್ಣೆವೆ ಮುಚ್ಚದೆ ಆ ಅಂಕಿಗಳನ್ನೇ ನೋಡುತ್ತ ಕುಳಿತಿದ್ದ. 72 ಇದ್ದದ್ದು 95 ಆದರೆ, "ಸಿಸ್ಟರ್, ಲಗೂನ ಬರ್ರಿ" ಎಂದು ಓಡುತ್ತಿದ್ದ. ಸಿಸ್ಟರ್ ಬಂದು ಗುಂಡಿ ಒತ್ತಿ ಸದ್ದಡಗಿಸಿ ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೂಗು. "ಯಪ್ಪಾ, ನನ್ನ ಯಾಕ ಹಿಂಗ ಕಟ್ಟಿ ಹಾಕೀರಿ? ರಾತ್ರಿ ಎತ್ತಿನ ಕಣ್ಣಿನೂ ಸಡ್ಲ ಮಾಡ್ತೀವಲ್ಲೋ" ಎಂದು ದೊಡ್ಡವ್ವ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ನೋವು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಅಂಟುಬಿಲ್ಲೆ ಅಂಟಿಸುವ ಗಡಿಬಿಡಿಯಲ್ಲಿ ಕೊರಳಿನ ಕರಡಿಗೆ ತೆಗೆಸಿದ್ದರು. ಅಣ್ಣ ಅದನ್ನು ಮಡಿವಸ್ತ್ರದಲ್ಲಿ ಸುತ್ತಿ ತನ್ನ ಬಳಿ ಇಟ್ಟುಕೊಂಡಿದ್ದ. ಬುದ್ಧಿ ತಿಳಿದಾಗಿನಿಂದ ಒಂದು ದಿನವೂ ಇಷ್ಟಲಿಂಗವನ್ನು ಅಗಲದ ಜೀವ, ತಂತಿಗಳ ನಡುವೆ ಎದ್ದು ಕೂರಲಾರದೆ, ಬರಿಗೊರಳು ತಡವಿಕೊಳ್ಳುತ್ತ ಮಲಗಿತ್ತು.

ಮೂರನೆಯ ರಾತ್ರಿ ಆಕೆಗೆ ಭ್ರಮೆ ಹಿಡಿಯಿತು. "ಎಮ್ಮಿಗೆ ಮೇವ ಹಾಕಿಲ್ಲ, ಹಾಕಿ ಬರ್ತೀನಿ" ಎನ್ನುತ್ತ ತಂತಿ ಕಿತ್ತು ಮಂಚದಿಂದ ಇಳಿಯಲು ಹೋಗಿ ಬೀಳುವಂತಾದಳು. ನಾವು ಮಿದುಳಿಗೇ ಏನೋ ಆಯಿತೆಂದು ಹೆದರಿ, ತಲೆಯ ಸ್ಕ್ಯಾನ್ ಮಾಡಿಸಬೇಕೆಂದು ಹಟ ಹಿಡಿದೆವು.

ನಾಲ್ಕನೆಯ ರಾತ್ರಿಯೂ ನಿದ್ದೆಯಿಲ್ಲದೆ ಕಳೆಯಿತು. ಮರುದಿನ ಬೆಳಿಗ್ಗೆ ರಜೆ ಮುಗಿಸಿ ಬಂದ ಹಿರಿಯ ವೈದ್ಯರು ಕಾಗದಪತ್ರ ನೋಡಿದರು, ದೊಡ್ಡವ್ವನ ಕೈ ಹಿಡಿದು ಮಾತನಾಡಿಸಿದರು. ಬಳಿಕ ನಮ್ಮತ್ತ ತಿರುಗಿ, "ಅವ್ವಾರ ಎದಿಗೆ ಏನಾಗೇತ್ರಿ?" ಎಂದರು. "ಎದಿಗೆ ಏನೂ ಆಗಿಲ್ರಿ ಸರ್, ಕಾಲಿಗೆ ಬಾವು" ಎಂದೆ. "ಮತ್ತ ನಾವು ಎದಿ ಯಾಕ ಕಾಯಾಕತ್ತೀವಿ?" ಎಂದು ಕೇಳಿ, ತಂತಿ ಬಿಚ್ಚಲು ಹೇಳಿದರು.

ಸತ್ಯವನ್ನು ಮರೆಮಾಚಬಾರದು. ತಂತಿ ತೆಗೆಯುವುದನ್ನು ವಿರೋಧಿಸಿದವನು ನಾನೇ. "ತಗದ ಮ್ಯಾಲೆ ಹೆಚ್ಚು ಕಡಿಮಿ ಆದ್ರ ಯಾರು ಹೊಣೆ ಸರ್?" ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಈ ಪೆಟ್ಟಿಗಿ ಔಷಧ ಅಲ್ಲ ತಮ್ಮಾ, ಬರೇ ನೋಡ್ತದ. ನೋಡೂದು ಏನೂ ಇಲ್ಲದಾಗ ನಿದ್ದಿ ಕೆಡಸ್ತದ. ನಿಮ್ಮವ್ವಗ ಬೇಕಾಗಿದ್ದು ನಿದ್ದಿ, ನಾಕ ಹೆಜ್ಜಿ ನಡಿಗಿ, ಕಾಲಿನ ಗಾಯಕ್ಕ ಪಟ್ಟಿ" ಎಂದರು. ಕರಡಿಗೆ ಎಲ್ಲಿ ಎಂದು ಕೇಳಿ, ತಾವೇ ಅಣ್ಣನ ಕೈಯಿಂದ ಕೊಡಿಸಿದರು.

ಆ ಮಧ್ಯಾಹ್ನವೇ ಮಾನಿಟರ್ ಇದ್ದ ಆ ಹಾಸಿಗೆಯಿಂದ ದೊಡ್ಡವ್ವನನ್ನು ಬೇರೆ ವಾರ್ಡಿಗೆ ಒಯ್ದರು. ಹಾಸಿಗೆ ಬಿಡುವುದನ್ನೇ ಕಾಯುತ್ತ ಇಳಕಲ್ಲ ಕಡೆಯ ನೇಕಾರನೊಬ್ಬ ಬೆಳಗಿನಿಂದ ತುರ್ತು ವಿಭಾಗದ ಸ್ಟ್ರೆಚರಿನ ಮೇಲೆ ಮಲಗಿದ್ದ. ಮಗ್ಗದ ಮೇಲೆ ಕುಳಿತಾಗಲೇ ಎದೆನೋವು ಬಂದು ಹೃದಯಾಘಾತವೆಂದು ತಿಳಿದಿತ್ತಂತೆ. ಕಾವಲು ನಿಜವಾಗಿ ಬೇಕಾಗಿದ್ದುದು ಆತನಿಗೆ. ನನ್ನ ದೊಡ್ಡವ್ವ ಅದನ್ನು ನಾಲ್ಕು ದಿನ ಹಿಡಿದಿಟ್ಟಿದ್ದಳು, ಆಕೆಗೆ ಅದರ ಅರಿವೂ ಇರಲಿಲ್ಲ. ಹಿಡಿದಿಡಿಸಿದವರು ನಾವು.

ಯಂತ್ರ ಬಂದ ಬಗೆ

ಹೃದಯದ ಸೂಕ್ಷ್ಮ ವಿದ್ಯುತ್ ಚಲನೆಯನ್ನು ಗೆರೆಯಾಗಿ ಬರೆಯುವ ಸಾಧನವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದವರು ಹಾಲೆಂಡಿನ ವಿಲ್ಲೆಮ್ ಐಂತೋವನ್. ಆಗಿನ ಯಂತ್ರದ ತೂಕ ಸುಮಾರು 270 ಕಿಲೋ. ರೋಗಿ ತನ್ನ ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿ ಕೂರಬೇಕಿತ್ತು. ಈ ಶೋಧಕ್ಕಾಗಿ 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1960ರ ದಶಕದಲ್ಲಿ ಹೃದಯಾಘಾತವಾದವರನ್ನು ಒಂದೇ ಕಡೆ ಇರಿಸಿ, ಎದೆಬಡಿತವನ್ನು ಹಗಲಿರುಳು ನೋಡಿಕೊಳ್ಳುವ ವಿಶೇಷ ಘಟಕಗಳು ಪಾಶ್ಚಾತ್ಯ ದೇಶಗಳಲ್ಲಿ ಆರಂಭವಾದವು. ಬಡಿತ ಹದಗೆಟ್ಟ ಕೂಡಲೇ ವಿದ್ಯುದಾಘಾತ ಕೊಟ್ಟು ಸರಿಪಡಿಸುವುದು ಅಲ್ಲಿ ಸಾಧ್ಯವಾಯಿತು. ಆಸ್ಪತ್ರೆ ಸೇರಿದ ಮೇಲೂ ಹೃದಯಾಘಾತದಿಂದ ಸಾಯುತ್ತಿದ್ದವರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಈ ಯಂತ್ರದ ಉಪಕಾರ ಸಣ್ಣದಲ್ಲ.

ಆದರೆ ಒಳ್ಳೆಯದೆಂದು ಕಂಡದ್ದು ಕ್ರಮೇಣ ಎಲ್ಲರಿಗೂ ಹಬ್ಬಿತು. ಹೃದಯಕ್ಕೆ ಸಂಬಂಧವಿಲ್ಲದ ಕಾಯಿಲೆಯವರಿಗೂ "ಇರಲಿ ಬಿಡಿ, ಕೆಟ್ಟದ್ದೇನು" ಎಂದು ತಂತಿ ಹಚ್ಚುವುದು ರೂಢಿಯಾಯಿತು. ವೈದ್ಯರಿಗೆ ಒಂದು ಧೈರ್ಯ, ಮನೆಯವರಿಗೆ ಒಂದು ಸಮಾಧಾನ. ರೋಗಿಗೆ ಏನು ಲಾಭ ಎಂಬ ಪ್ರಶ್ನೆ ಹಿಂದೆ ಬಿದ್ದಿತು.

ಕೂಗಿ ಕೂಗಿ ಕಿವುಡಾದ ಎಚ್ಚರಿಕೆ

"ತೋಳ ಬಂತು ತೋಳ" ಎಂದು ಸುಳ್ಳು ಕೂಗಿದ ಕುರಿಗಾಹಿ ಹುಡುಗನ ಕಥೆ ಯಾರಿಗೆ ತಿಳಿಯದು? ಯಂತ್ರದ ಕಥೆಯೂ ಅದೇ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದರ ಐದು ತೀವ್ರ ನಿಗಾ ಘಟಕಗಳ 77 ಹಾಸಿಗೆಗಳಲ್ಲಿ 31 ದಿನ ಎಲ್ಲ ಎಚ್ಚರಿಕೆಗಳನ್ನೂ ಎಣಿಸಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ಒಟ್ಟು ಎಚ್ಚರಿಕೆಗಳು 25 ಲಕ್ಷ ದಾಟಿದ್ದವು. ಕಿವಿಗೆ ಕೇಳುವಂತೆ ಕೂಗಿದವುಗಳೇ ಹಾಸಿಗೆಯೊಂದಕ್ಕೆ ದಿನಕ್ಕೆ 187. ಬಡಿತದ ಏರುಪೇರು ಎಂದು ಯಂತ್ರ ಸಾರಿದ 12,671 ಎಚ್ಚರಿಕೆಗಳನ್ನು ತಜ್ಞರು ಒಂದೊಂದಾಗಿ ಪರೀಕ್ಷಿಸಿದಾಗ ಅವುಗಳಲ್ಲಿ ಶೇಕಡ 88.8ರಷ್ಟು ಸುಳ್ಳಾಗಿದ್ದವು.

ಹಗಲಿರುಳು ಸುಳ್ಳು ಕೂಗು ಕೇಳಿದ ಕಿವಿ ನಿಜವಾದ ಕೂಗನ್ನೂ ಅಲಕ್ಷಿಸುತ್ತದೆ. ಇದು ದಾದಿಯರ ದೋಷವಲ್ಲ, ಮನುಷ್ಯಸ್ವಭಾವ. ಅಮೆರಿಕದ ಆಸ್ಪತ್ರೆಗಳ ಗುಣಮಟ್ಟ ನೋಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಗೆ 2009ರಿಂದ 2012ರ ಮಧ್ಯದವರೆಗೆ ಇಂಥ ಎಚ್ಚರಿಕೆಗಳಿಗೆ ಸಂಬಂಧಿಸಿದ 98 ಅವಘಡಗಳು ವರದಿಯಾದವು. ಅವುಗಳಲ್ಲಿ 80 ಮಂದಿ ಪ್ರಾಣ ಕಳೆದುಕೊಂಡಿದ್ದರು. ಬೇಡದವರ ಎದೆಗೆ ಹಚ್ಚಿದ ತಂತಿ, ಬೇಕಾದವರ ಪ್ರಾಣಕ್ಕೆ ಎರವಾಗಬಹುದೆಂಬುದು ಇದರಿಂದ ತಿಳಿಯುತ್ತದೆ.

ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. ತಂತಿಗೆ ಕಟ್ಟಿಬಿದ್ದ ವೃದ್ಧರು ಎದ್ದು ನಡೆಯುವುದಿಲ್ಲ. ನಡೆಯದಿದ್ದರೆ ಸ್ನಾಯು ಸೋಲುತ್ತದೆ, ಮಲಬದ್ಧತೆ ಬರುತ್ತದೆ. ನಿದ್ದೆಗೆಟ್ಟರೆ ಭ್ರಮೆ ಹಿಡಿಯುತ್ತದೆ. ಯಂತ್ರದ ಸುಳ್ಳು ಗೆರೆಯನ್ನು ನಂಬಿ ಬೇಡದ ಪರೀಕ್ಷೆ, ಬೇಡದ ಔಷಧ ಆರಂಭವಾಗುವ ಸಂಭವವೂ ಉಂಟು. ಖಾಸಗಿ ಆಸ್ಪತ್ರೆಯಲ್ಲಾದರೆ ಮಾನಿಟರ್ ಇರುವ ಹಾಸಿಗೆಯ ದರ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಆ ಬಿಲ್ಲನ್ನು ತುಂಬಲು ಬಂಗಾರ ಅಡವಿಟ್ಟ ಮನೆಗಳನ್ನು ನಾವು ಕಂಡಿಲ್ಲವೇ?

ಕಡಿಮೆ ಮಾಡಿದವರ ಅನುಭವ

ಕಾವಲು ಕಡಿಮೆ ಮಾಡಿದರೆ ಸಾವು ಹೆಚ್ಚೀತೆಂಬ ಭಯ ಸಹಜ. ಅಮೆರಿಕದ ಹೃದಯ ಸಂಘವು ಯಾವ ರೋಗಿಗೆ ಎಷ್ಟು ಕಾಲ ಈ ಕಾವಲು ಬೇಕೆಂಬ ಸೂತ್ರಗಳನ್ನು 2004ರಲ್ಲಿ ಪ್ರಕಟಿಸಿ, 2017ರಲ್ಲಿ ಪರಿಷ್ಕರಿಸಿತು. ಆಸ್ಪತ್ರೆ ವೈದ್ಯರ ಸಂಘವೊಂದು 2013ರಲ್ಲಿ, ತೀವ್ರ ನಿಗಾ ಘಟಕದ ಹೊರಗೆ ಗೊತ್ತಾದ ನಿಯಮವಿಲ್ಲದೆ ಇಂಥ ಕಾವಲನ್ನು ಮುಂದುವರಿಸಬಾರದೆಂದು ತನ್ನ ಸದಸ್ಯರಿಗೆ ಹೇಳಿತು.

ಡೆಲವೇರ್ ರಾಜ್ಯದ ಕ್ರಿಶ್ಚಿಯಾನಾ ಕೇರ್ ಆಸ್ಪತ್ರೆಗಳಲ್ಲಿ ಈ ಸೂತ್ರಗಳನ್ನು ವೈದ್ಯರು ಆದೇಶ ಬರೆಯುವ ಗಣಕಯಂತ್ರದಲ್ಲಿಯೇ ಅಳವಡಿಸಿದರು. ಕಾರಣ ತಿಳಿಸಿದರೆ ಮಾತ್ರ ತಂತಿ, ಅವಧಿ ಮುಗಿದು ರೋಗಿ ಸ್ಥಿರವಾಗಿದ್ದರೆ ದಾದಿಯರೇ ಅದನ್ನು ತೆಗೆಯಬಹುದೆಂಬ ವ್ಯವಸ್ಥೆ. 2014ರ ವರದಿಯಂತೆ ದಿನನಿತ್ಯ ಕಾವಲಿನಲ್ಲಿದ್ದ ರೋಗಿಗಳ ಸಂಖ್ಯೆ ಶೇಕಡ 70ರಷ್ಟು ಇಳಿಯಿತು. ಒಬ್ಬ ರೋಗಿಗೆ ಸರಾಸರಿ 57.8 ಗಂಟೆ ಇದ್ದ ಕಾವಲು 30.9 ಗಂಟೆಗೆ ಬಂದಿತು. ದಿನದ ವೆಚ್ಚ 18,971 ಡಾಲರಿನಿಂದ 5,772 ಡಾಲರಿಗೆ ಕುಸಿಯಿತು. ಸಾವಿನ ಪ್ರಮಾಣವಾಗಲಿ ತುರ್ತು ಕರೆಗಳಾಗಲಿ ಹೆಚ್ಚಲಿಲ್ಲ.

ಯಾರಿಗೆ ಬೇಕೇ ಬೇಕು

ಇದನ್ನು ಓದಿ ಯಾರೂ ಆಸ್ಪತ್ರೆಯಲ್ಲಿ ತಮ್ಮಷ್ಟಕ್ಕೆ ತಾವೇ ತಂತಿ ಕೀಳಬಾರದು. ಹೃದಯಾಘಾತವಾದವರಿಗೆ ಮೊದಲ ಒಂದೆರಡು ದಿನ, ಹೃದಯ ನಿಂತು ಮರಳಿ ಬದುಕಿದವರಿಗೆ, ಹೃದಯದ ಶಸ್ತ್ರಕ್ರಿಯೆಯಾದವರಿಗೆ, ಬಡಿತ ಅತಿ ವೇಗವಾಗಿಯೋ ಅತಿ ನಿಧಾನವಾಗಿಯೋ ಅಪಾಯಕ್ಕಿಟ್ಟುಕೊಂಡವರಿಗೆ, ತಾತ್ಕಾಲಿಕ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ, ಹೃದಯ ಸೋತು ಉಸಿರು ಕಟ್ಟಿ ಬಂದವರಿಗೆ, ಹೃದಯದ ಕಾರಣದಿಂದ ಮೂರ್ಛೆ ಹೋದರೆಂಬ ಸಂಶಯವಿದ್ದವರಿಗೆ, ಹೊಸದಾಗಿ ಲಕ್ವ ಹೊಡೆದವರಿಗೆ, ರಕ್ತದಲ್ಲಿ ಪೊಟ್ಯಾಸಿಯಂ ತೀರ ಏರಿದವರಿಗೆ ಅಥವಾ ಇಳಿದವರಿಗೆ ಈ ಕಾವಲು ಜೀವರಕ್ಷಕ. ಅಲ್ಲಿ ಜಿಪುಣತನ ಸಲ್ಲದು.

ಕಾಲಿನ ಬಾವು, ಮೂತ್ರದ ಸೋಂಕು, ಹತೋಟಿಗೆ ಬಂದ ನ್ಯುಮೋನಿಯ, ಹೃದಯದೋಷವಿಲ್ಲದವರ ಸಾಮಾನ್ಯ ಶಸ್ತ್ರಕ್ರಿಯೆ, ಇ.ಸಿ.ಜಿ. ಮತ್ತು ರಕ್ತಪರೀಕ್ಷೆ ಎರಡೂ ಸರಿಯಾಗಿದ್ದು ಅಪಾಯವಿಲ್ಲವೆಂದು ವೈದ್ಯರು ಹೇಳಿದ ಎದೆನೋವು ಇಂಥವುಗಳಲ್ಲಿ, ರೋಗಿ ಸ್ಥಿರವಾಗಿದ್ದರೆ, ಎಡೆಬಿಡದ ಹೃದಯ ಕಾವಲಿನಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಆಗಾಗ್ಗೆ ಬಂದು ನಾಡಿ, ಉಸಿರು, ಒತ್ತಡ, ಜ್ವರ ನೋಡಿ ಬರೆದುಕೊಳ್ಳುವ ದಾದಿಯ ಕಣ್ಣು ಅಲ್ಲಿ ಯಂತ್ರಕ್ಕಿಂತ ಮೇಲು. ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಕ್ಲಿಪ್ಪಿನ ಮಾತು ಬೇರೆ. ಶ್ವಾಸಕೋಶದ ಕಾಯಿಲೆಯಲ್ಲಿ ಅದು ಬೇಕಾಗಬಹುದು. ಒಂದನ್ನು ಇನ್ನೊಂದೆಂದು ತಿಳಿಯಬಾರದು.

ಕರಡಿಗೆಯ ವಿಷಯವಾಗಿ ಒಂದು ಮಾತು. ಇ.ಸಿ.ಜಿ. ಗಾಗಲಿ ಮಾನಿಟರಿಗಾಗಲಿ ಬೇಕಾಗುವುದು ಬಿಲ್ಲೆ ಅಂಟುವಷ್ಟು ಬರಿಯ ಚರ್ಮ. ಕರಡಿಗೆಯನ್ನು ಬಿಲ್ಲೆಗೆ ತಾಗದಂತೆ ಬದಿಗೆ ಸರಿಸಿಕೊಂಡರೆ ಸಾಮಾನ್ಯವಾಗಿ ಸಾಕು. ಎಂ.ಆರ್.ಐ. ಕೋಣೆಗೆ ಮಾತ್ರ ಬೆಳ್ಳಿಯ ಕರಡಿಗೆಯಾಗಲಿ ಬೇರಾವ ಲೋಹದ ವಸ್ತುವಾಗಲಿ ಒಯ್ಯಬಾರದು. ಶಸ್ತ್ರಕ್ರಿಯೆಯ ಕೋಣೆಯಲ್ಲಿಯೂ ವೈದ್ಯರ ಮಾತೇ ಪ್ರಮಾಣ. ದಾದಿಯರಿಗೆ ವಿನಯದಿಂದ ತಿಳಿಸಿ ಹೇಳಿದರೆ ಅವರೂ ಅರ್ಥ ಮಾಡಿಕೊಳ್ಳುತ್ತಾರೆ. ನಾವು ಹೇಳಲಿಲ್ಲ, ಅದು ನಮ್ಮ ತಪ್ಪು.

ನಮ್ಮ ನಾಡಿನ ಪಾಠ

2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಾಗ ನಾಡಿನ ಆಸ್ಪತ್ರೆಗಳ ಮುಂದೆ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳಲ್ಲಿ ಮತ್ತೆ ಅದೇ ದೃಶ್ಯ. ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಅಲ್ಲಿ ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲವೆಂದು ತಿಳಿಸಿತು. ಭಯದಿಂದ ಬಂದವರ ಸಾಲಿನ ಹಿಂದೆ ನಿಜವಾದ ರೋಗಿ ನಿಂತು ಕಾಯಬೇಕಾಗುತ್ತದೆ ಎಂಬುದನ್ನು ನಾವು ನೆನಪಿಡಬೇಕು.

ಹಾಗೆಂದು ಎದೆನೋವನ್ನು ಅಲಕ್ಷಿಸಬಾರದು. ಎದೆಯಲ್ಲಿ ಒತ್ತಿದಂತಹ ನೋವು, ಎಡತೋಳಿಗೋ ದವಡೆಗೋ ಹಬ್ಬುವ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ ಕಂಡರೆ ವಾಯು ಎಂದು ಸೋಡಾ ಕುಡಿಸುತ್ತ ಕೂರದೆ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ಪುನೀತರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಯನ್ನು ದೂರದ ತಜ್ಞರು ನಿಮಿಷಗಳಲ್ಲಿ ನೋಡಿ ತಿಳಿಸುವುದು, ಹೃದಯಾಘಾತವೆಂದು ಖಚಿತವಾದರೆ ರಕ್ತದ ಗರಣೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಅದರ ಕ್ರಮ. ಬಾದಾಮಿ, ಹುನಗುಂದ, ಇಳಕಲ್ಲಗಳ ಹಳ್ಳಿಗಳಿಂದ ಬಾಗಲಕೋಟೆ ತಲುಪುವಷ್ಟರಲ್ಲಿ ಅಮೂಲ್ಯ ವೇಳೆ ಕಳೆದುಹೋಗುವ ನಮ್ಮಂಥವರಿಗೆ ಇದು ವರದಾನ. ಸರಿಯಾದ ಗಳಿಗೆಯಲ್ಲಿ ತೆಗೆದ ಒಂದು ಇ.ಸಿ.ಜಿ., ಬೇಡದವರ ಎದೆಗೆ ನಾಲ್ಕು ದಿನ ಹಚ್ಚಿದ ತಂತಿಗಿಂತ ಸಾವಿರ ಪಾಲು ಮಿಗಿಲು.

ಕೇಳಬೇಕಾದ ನಾಲ್ಕು ಮಾತು

ನಿಮ್ಮವರ ಎದೆಗೆ ತಂತಿ ಹಚ್ಚಿದ್ದರೆ ವೈದ್ಯರನ್ನು ಗೌರವದಿಂದ ಕೇಳಿರಿ: ಇದನ್ನು ಯಾತಕ್ಕೆ ಹಚ್ಚಿದ್ದೀರಿ? ಎಷ್ಟು ದಿನ ಬೇಕಾದೀತು? ಇಂದಿಗೂ ಇದರ ಅಗತ್ಯವಿದೆಯೇ? ಎದ್ದು ನಾಲ್ಕು ಹೆಜ್ಜೆ ನಡೆಯಲು, ಲಿಂಗಪೂಜೆಗೆ ಕೂರಲು ಅನುಮತಿ ಉಂಟೇ? ಮೂರನೆಯ ಪ್ರಶ್ನೆಯನ್ನು ಪ್ರತಿದಿನವೂ ಕೇಳಬೇಕು. ಬೇಕೆಂದು ಕಾರಣ ಹೇಳಿದರೆ ಸಂತೋಷದಿಂದ ಒಪ್ಪಬೇಕು. ಬೇಡವೆಂದು ತೆಗೆದರೆ, ನಾನು ಮಾಡಿದಂತೆ ಜಗಳಕ್ಕೆ ನಿಲ್ಲಬಾರದು. ಎಷ್ಟೋ ವೇಳೆ ವೈದ್ಯರು ತಂತಿ ಹಚ್ಚಿಯೇ ಇಡುವುದು ನಮ್ಮಂಥವರ ಬಾಯಿಗೆ ಹೆದರಿ.

ಕಾವಲು ಮನೆಯಲ್ಲಿರಲಿ

ಯಂತ್ರ ಹೃದಯವನ್ನು ನೋಡುತ್ತದೆ, ಕಾಯುವುದು ನಮ್ಮ ನಡತೆ. ಇಳಕಲ್ಲ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಲಿಂಗೈಕ್ಯ ಡಾ. ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಬೇಡಿದ್ದು ಕಾಳಲ್ಲ, ಕಾಸಲ್ಲ. ಬೀಡಿ, ತಂಬಾಕು, ಗುಟ್ಕಾ, ಸೆರೆಯ ಚಟಗಳನ್ನು ಜೋಳಿಗೆಗೆ ಹಾಕಿರೆಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತಿದೆ. ಹೃದಯರೋಗಕ್ಕೆ ತಂಬಾಕು ಎಂಥ ದೊಡ್ಡ ಕಾರಣವೆಂದು ವೈದ್ಯಶಾಸ್ತ್ರ ಸಾರುತ್ತಿದೆ. ಆ ಜೋಳಿಗೆ ಎಷ್ಟು ಎದೆಗಳನ್ನು ಕಾಯ್ದಿತೆಂದು ಯಾವ ಮಾನಿಟರ್ ಎಣಿಸೀತು? ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆಯ ತಪಾಸಣೆ, ಕೊಟ್ಟ ಗುಳಿಗೆಯನ್ನು ತಪ್ಪದೆ ನುಂಗುವುದು, ಉಪ್ಪು ಎಣ್ಣೆಯಲ್ಲಿ ಮಿತಿ, ಮೈಮುರಿದು ಕಾಯಕ ಇವು ನಮ್ಮ ಕೈಯಲ್ಲಿರುವ ಕಾವಲು.

ದಾಸೋಹವೆಂದರೆ ಉಣಿಸುವುದು ಮಾತ್ರವೇ? ತನಗೆ ಬೇಡವಾದದ್ದನ್ನು ಬೇಕಾದವನಿಗೆ ಬಿಟ್ಟುಕೊಡುವುದೂ ದಾಸೋಹವೇ. ಆಸ್ಪತ್ರೆಯ ಒಂದು ಹಾಸಿಗೆ, ಒಂದು ಯಂತ್ರ, ಒಬ್ಬ ದಾದಿಯ ಒಂದು ಗಳಿಗೆ ಇವೂ ಸಮಾಜದ ಸೊತ್ತು.

ತಂತಿ ಬಿಚ್ಚಿದ ಆ ರಾತ್ರಿ ದೊಡ್ಡವ್ವ ಬೆಳಗಿನವರೆಗೆ ಮಲಗಿದಳು. ಮರುದಿನ ಸೊಸೆಯ ಹೆಗಲು ಹಿಡಿದು ಮುಖ ತೊಳೆದು ಬಂದು, ವಿಭೂತಿ ಧರಿಸಿ, ಮಂಚದ ಮೇಲೆಯೇ ಕುಳಿತು ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡಳು. ಭ್ರಮೆ ಎರಡೇ ದಿನದಲ್ಲಿ ಮಾಯವಾಯಿತು, ತಲೆಯ ಸ್ಕ್ಯಾನ್ ಬೇಕಾಗಲಿಲ್ಲ. ವಾರದಲ್ಲಿ ಕಾಲಿನ ಪಟ್ಟಿಯೊಡನೆ ಮನೆಗೆ ಬಂದಳು. ಆ ನೇಕಾರನೂ ಗುಣಮುಖನಾಗಿ ಊರಿಗೆ ಮರಳಿದನೆಂದು ಸಿಸ್ಟರ್ ಹೇಳಿ ಕಳಿಸಿದರು. ಸುದ್ದಿ ಕೇಳಿ ದೊಡ್ಡವ್ವ ಅಂದದ್ದು ಇಷ್ಟೇ: "ಮೊದಲs ಹೇಳಿದ್ರ ನಾನs ಎದ್ದು ಕೊಡ್ತಿದ್ನೆಲ್ಲೋ ತಮ್ಮಾ, ಪಾಪ."

ನಾವು ಕೇಳದೆ ಇದ್ದುದಕ್ಕೆ ಆಕೆ ನಾಲ್ಕು ರಾತ್ರಿ ನಿದ್ದೆಗೆಟ್ಟಳು. ಇದನ್ನು ಓದಿದ ಮನೆಗಳಲ್ಲಿ ಯಾರಾದರೂ ಹಾಗೆ ನಿದ್ದೆಗೆಡದಿದ್ದರೆ ನಾನು ಬರೆದದ್ದು ಸಾರ್ಥಕ.